ಹೂವಿನ ಅಗಿಗೆ ಮೂವತ್ತು ದಿನದ ಕಾವಲು

ದಸರೆಗೆ ಚೆಂಡುಹೂ ಕೊಯ್ಯಬೇಕೆಂದರೆ ಬೀಜ ಬೀಳಬೇಕಾದದ್ದು ಆಷಾಢದಲ್ಲಿ. ಮಡಿಯಲ್ಲಿ 25ರಿಂದ 30 ದಿನ, ನಾಟಿಯಾದ ಮೇಲೆ ಹೆಚ್ಚುಕಡಿಮೆ ಎರಡು ತಿಂಗಳು. ಹಿಂದಕ್ಕೆ ಎಣಿಸುತ್ತ ಹೋದರೆ ಲೆಕ್ಕ ಜುಲೈ ಮೊದಲ ವಾರಕ್ಕೆ ಬಂದು ನಿಲ್ಲುತ್ತದೆ. ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯ ಲೋಹಾರಾ, ಉಮರ್ಗಾ, ಲಾತೂರು ಜಿಲ್ಲೆಯ ನಿಲಂಗಾ, ಉದಗೀರ್ ತಾಲೂಕುಗಳಲ್ಲಿ ಅದು ಮುಂಗಾರು ಹಿಡಿದ ಹೊತ್ತು. ಎರೆಹೊಲದಲ್ಲಿ ಸೋಯಾಬೀನ್, ತೊಗರಿ ಮೊಳಕೆ ಒಡೆದಿರುತ್ತವೆ. ಬೇಸಿಗೆಯಿಡೀ ನೆಲದ ಬಿರುಕುಗಳಲ್ಲಿ ಅಡಗಿದ್ದ ಹುಳು ಹುಪ್ಪಡಿಗಳೂ ಹಸಿ ಸಿಕ್ಕು ಮೇಲೆದ್ದಿರುತ್ತವೆ. ಎರಡೆಲೆಯ ಅಗಿ ಕಣ್ಣು ಬಿಡುವುದು ಸರಿಯಾಗಿ ಆಗಲೇ.

ಆಳಂದ, ಬಸವಕಲ್ಯಾಣ, ಭಾಲ್ಕಿ ಕಡೆಗೆ ಮುಖ ಮಾಡಿರುವ ಈ ಗಡಿ ಸೀಮೆಯಲ್ಲಿ ಹೂವಿಗೆ ಬೇಡಿಕೆ ಕಡಿಮೆಯಿಲ್ಲ. ತುಳಜಾಪುರದ ನವರಾತ್ರಿ, ಮನೆಮನೆಯ ಗಣಪತಿ, ದೀಪಾವಳಿಯ ಲಕ್ಷ್ಮೀಪೂಜೆ ಎಲ್ಲಕ್ಕೂ ಚೆಂಡುಹೂ, ಸೇವಂತಿ, ಗಲಾಟೆ ಹೂ ಬೇಕೇ ಬೇಕು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಂತರ ಹೊಸ ಜಾಗದಲ್ಲಿ ಕಟ್ಟಿದ ಊರುಗಳಲ್ಲಿ ಮನೆಯ ಸುತ್ತ ಒಂದಿಷ್ಟು ಬಯಲು ಉಳಿದಿದ್ದು, ಅಲ್ಲಿ ಹಿತ್ತಲ ಹೂದೋಟಕ್ಕೂ ಜಾಗವುಂಟು. ಬೀಜ ಹಾಕುವವರು ಬಹಳ; ಹಾಕಿದ್ದರಲ್ಲಿ ಅರ್ಧ ಅಗಿಯೂ ಕೈಗೆ ಹತ್ತಲಿಲ್ಲ ಎನ್ನುವವರೂ ಬಹಳ.

ಅಗಿ ಉಳಿಸಿಕೊಳ್ಳುವುದು ಔಷಧಿ ಹೊಡೆಯುವುದಕ್ಕಿಂತ ಹೆಚ್ಚಾಗಿ ಹುಳುವಿನ ದಾರಿ ಕಟ್ಟುವ ಕೆಲಸ. ಬಲಿತ ಗಿಡದ ನಾಲ್ಕು ಎಲೆ ಹೋದರೆ ಎಂಟು ಚಿಗುರುತ್ತವೆ. ನಾಲ್ಕೇ ಎಲೆಯ ಅಗಿಗೆ ಆ ಸವಲತ್ತಿಲ್ಲ. ಪೆಟ್ಟು ಬಿದ್ದ ಮೇಲೆ ಏನು ಹೊಡೆದರೂ ಹೋದ ಅಗಿ ತಿರುಗಿ ಬರುವುದಿಲ್ಲ.

ಬೆಳಿಗ್ಗೆ ಮೊದಲು ಬುಡ ನೋಡಿ

ಅಗಿ ಹಾಳಾದದ್ದು ಕಂಡ ಕೂಡಲೇ ಅಂಗಡಿಗೆ ಓಡುವ ಬದಲು ಮಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ನೋಡಬೇಕು. ಒಂದೊಂದು ಹುಳುವೂ ತನ್ನದೇ ಗುರುತು ಬಿಟ್ಟು ಹೋಗಿರುತ್ತದೆ.

ಅಗಿ ನೆಲದ ಮಟ್ಟಕ್ಕೆ ಕಡಿದು ಬಿದ್ದಿದ್ದು, ಎಲೆಗಳು ಇನ್ನೂ ಹಸಿರಾಗಿದ್ದರೆ ಅದು ಕತ್ತರಿ ಹುಳುವಿನ ಕೆಲಸ. ಬಿದ್ದ ಅಗಿಯ ಸುತ್ತ ಬೆರಳಿನಿಂದ ಒಂದೆರಡು ಅಂಗುಲ ಮಣ್ಣು ಕೆದಕಿ. ಬೂದುಗಪ್ಪು ಬಣ್ಣದ, ಎಣ್ಣೆ ಸವರಿದ ಹಾಗೆ ಮಿರುಗುವ ಹುಳು ಸುರುಳಿ ಸುತ್ತಿ ಮಲಗಿರುತ್ತದೆ. ಹಗಲು ಮಣ್ಣಿನೊಳಗೆ, ಕತ್ತಲಾದ ಮೇಲೆ ಹೊರಗೆ. ಒಂದೇ ರಾತ್ರಿಗೆ ಹಲವು ಅಗಿ ಕಡಿಯುತ್ತದೆ. ಕಡಿದದ್ದನ್ನೆಲ್ಲ ತಿನ್ನುವುದೂ ಇಲ್ಲ, ಆದ್ದರಿಂದ ನಷ್ಟ ಅದರ ಹೊಟ್ಟೆಗಿಂತ ದೊಡ್ಡದು.

ಅಗಿ ಬಿದ್ದಿದೆ, ಆದರೆ ಬುಡ ಕಡಿದಿಲ್ಲ, ನೀರುಗಟ್ಟಿ ಕೊಳೆತು ಸಣ್ಣಗಾಗಿದೆ ಎಂದಾದರೆ ಅದು ಹುಳುವೇ ಅಲ್ಲ. ಬುಡಕೊಳೆ ರೋಗ, ಶಿಲೀಂಧ್ರದ್ದು. ಎರೆಮಣ್ಣಿನಲ್ಲಿ ನೀರು ಬಸಿಯದೆ ನಿಂತರೆ ಇದು ಬರುತ್ತದೆ, ಮಡಿಯಲ್ಲಿ ತೇಪೆ ತೇಪೆಯಾಗಿ ಹರಡುತ್ತದೆ. ಇದಕ್ಕೆ ಕೀಟನಾಶಕ ಹೊಡೆದರೆ ದುಡ್ಡು ದಂಡ.

ಅಗಿ ನಿಂತಲ್ಲೇ ಬಾಡಿ, ಎಳೆದರೆ ಸಲೀಸಾಗಿ ಕೈಗೆ ಬಂದು, ಬೇರು ಮೇಯ್ದ ಹಾಗಿದ್ದರೆ ಗೊಣ್ಣೆ ಹುಳು ಇಲ್ಲವೇ ಗೆದ್ದಲು. ಮರಾಠಿಯವರು ‘ಹುಮಣಿ’ ಎನ್ನುವುದು ಇದೇ ಗೊಣ್ಣೆ ಹುಳುವಿಗೆ. ಎಲೆಯ ಅಂಚು ಒರಟಾಗಿ ಹರಿದು, ಮಣ್ಣಿನ ಮೇಲೆ ಒಣಗಿದ ಲೋಳೆಯ ಬೆಳ್ಳಿಗೆರೆ ಇದ್ದರೆ ಬಸವನಹುಳು. ಎಲೆಯೊಳಗೆ ಅಂಕುಡೊಂಕು ಬಿಳಿ ಗೆರೆ ಹರಿದಿದ್ದರೆ ರಂಗೋಲಿ ಹುಳು. ಚೆಂಡುಹೂ, ಸೇವಂತಿ ಎರಡಕ್ಕೂ ಬೀಳುವ ಈ ಹುಳು ನಮ್ಮ ದೇಶಕ್ಕೆ ಹೊರಗಿನಿಂದ ಬಂದದ್ದು 1990ರ ದಶಕದ ಆರಂಭದಲ್ಲಿ. ಕುಡಿ ಮುದುಡಿ, ಎಲೆಯ ಅಡಿ ಜಿಗುಟಾಗಿ, ಇರುವೆ ಓಡಾಡುತ್ತಿದ್ದರೆ ಸಸ್ಯಹೇನು, ಇಲ್ಲಿನ ಪೇಟೆಯ ಮಾತಿನಲ್ಲಿ ‘ಮಾವಾ’.

ಇನ್ನು ಕಣ್ಣಿಗೆ ಕಾಣದಷ್ಟು ಸಣ್ಣವು. ಬಿಳಿ ಕಾಗದವೊಂದನ್ನು ಎಲೆಯ ಕೆಳಗೆ ಹಿಡಿದು ಎಲೆಯನ್ನು ಎರಡು ಸಲ ತಟ್ಟಿ. ಸೀಳುಗಡ್ಡಿಯಷ್ಟು ಸಪೂರ ಹುಳು ಸರಸರ ಓಡಿದರೆ ಥ್ರಿಪ್ಸ್. ಕೆಂಪು ಚುಕ್ಕಿಗಳು ನಿಧಾನಕ್ಕೆ ಸರಿದಾಡಿದರೆ ಕೆಂಪು ನುಸಿ. ಎರಡರ ಮದ್ದೂ ಬೇರೆ ಬೇರೆ. ನುಸಿ ಎಂಟು ಕಾಲಿನ ಜೇಡದ ಬಳಗದ್ದು. ಕೀಟಕ್ಕೆಂದು ಮಾಡಿದ ಎಷ್ಟೋ ಔಷಧಿ ಅದಕ್ಕೆ ನಾಟುವುದಿಲ್ಲ.

ಕುಡಿ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಹುಳು ಹುಡುಕಬೇಡಿ. ಸುಣ್ಣದಂಶದ ಎರೆಮಣ್ಣಿನಲ್ಲಿ ಕಬ್ಬಿಣಾಂಶ ಇದ್ದರೂ ಬೇರಿಗೆ ಸಿಗುವುದಿಲ್ಲ. ಮಡಿಗೆ ಚೆನ್ನಾಗಿ ಕಳಿತ ಗೊಬ್ಬರ ಬೇಕು, ವಿಷ ಬೇಡ.

ಬೀಜ ಬೀಳುವ ಮೊದಲಿನ ಕೆಲಸ

ಅರ್ಧ ಕಾವಲು ಮುಗಿಯುವುದು ಬಿತ್ತುವ ಮೊದಲೇ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಜನ ಬೈಯುವ ಈ ಬಿಸಿಲನ್ನೇ ದುಡಿಸಿಕೊಳ್ಳಬಹುದು. ಮಡಿಯ ಜಾಗ ಅಗೆದು, ಹದವಾಗಿ ನೀರುಣಿಸಿ, ಪಾರದರ್ಶಕ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆಲ್ಲ ಮಣ್ಣು ಒತ್ತಿ ನಾಲ್ಕರಿಂದ ಆರು ವಾರ ಬಿಡಿ. ಒಳಗಿನ ಕಾವಿಗೆ ಮೇಲ್ಮಣ್ಣಿನ ಕೋಶಗಳು, ಮೊಟ್ಟೆಗಳು, ಕಳೆಬೀಜ, ಬುಡಕೊಳೆ ಶಿಲೀಂಧ್ರ ಬಹುಪಾಲು ಸಾಯುತ್ತವೆ. ಹಾಳೆ ಕಪ್ಪಗಿದ್ದರೆ ಬಿಸಿಲು ಒಳಗಿಳಿಯುವುದಿಲ್ಲ; ಪಾರದರ್ಶಕವೇ ಆಗಬೇಕು.

ಗೊಬ್ಬರದ ವಿಷಯದಲ್ಲಿ ಎಚ್ಚರ. ತಿಪ್ಪೆಯ ಹಸಿ ಸಗಣಿ ಗೊಬ್ಬರದ ಜೊತೆಗೆ ಗೊಣ್ಣೆ ಹುಳುವಿನ ಮರಿಗಳೂ ಮಡಿಗೆ ಬಂದು ಸೇರುತ್ತವೆ. ಪೂರ್ತಿ ಕಳಿತ, ಕೈಯಲ್ಲಿ ಹಿಡಿದರೆ ಪುಡಿಯಾಗುವ, ವಾಸನೆಯಿಲ್ಲದ ಗೊಬ್ಬರವನ್ನೇ ಜರಡಿ ಹಿಡಿದು ಹಾಕಿ. ಚದರ ಮೀಟರಿಗೆ ಎರಡು ಹಿಡಿ ಬೇವಿನ ಹಿಂಡಿ, ಗೊಬ್ಬರದಲ್ಲಿ ಬೆರೆಸಿದ ಟ್ರೈಕೋಡರ್ಮಾ ಸೇರಿದರೆ ಹುಳು, ರೋಗ ಎರಡಕ್ಕೂ ತಡೆ. ಪರಭಣಿಯ ವಸಂತರಾವ್ ನಾಯಕ್ ಮರಾಠವಾಡಾ ಕೃಷಿ ವಿದ್ಯಾಪೀಠ ಇಂಥ ಉಪಯುಕ್ತ ಸೂಕ್ಷ್ಮಜೀವಿಗಳ ಮಿಶ್ರಣವನ್ನು ‘ಬಯೋಮಿಕ್ಸ್’ ಹೆಸರಿನಲ್ಲಿ ತಯಾರಿಸುತ್ತದೆ.

ಮಡಿ ನೆಲದಿಂದ 15 ಸೆಂಟಿಮೀಟರ್ ಎತ್ತರವಿರಲಿ, ಅಗಲ ಒಂದು ಮೀಟರ್ ಮೀರದಿರಲಿ. ಎರಡೂ ಬದಿಯಿಂದ ಕೈ ನಡುವಿನವರೆಗೆ ಎಟುಕಿದರೆ ಮಾತ್ರ ದಿನಾ ಹುಳು ಹೆಕ್ಕಲು ಆಗುತ್ತದೆ. ಎರೆಮಣ್ಣಿಗೆ ಮರಳೂ ಗೊಬ್ಬರವೂ ಬೆರೆತರೆ ನೀರು ಬಸಿಯುತ್ತದೆ. ಒಣಗಿದಾಗ ಬಿರುಕು ಬಿಡುವುದೂ ಕಡಿಮೆಯಾಗಿ ಕತ್ತರಿ ಹುಳುವಿನ ಹಗಲು ಮನೆ ತಪ್ಪುತ್ತದೆ. ಮಡಿಯ ಸುತ್ತಲಿನ ಕಳೆಯನ್ನು ಎರಡು ವಾರ ಮೊದಲೇ ಕಿತ್ತು ದೂರ ಹಾಕಿ. ಕತ್ತರಿ ಹುಳುವಿನ ಪತಂಗ ಮೊಟ್ಟೆಯಿಡುವುದು ಅಂಥ ಹಸಿರಿನಲ್ಲೇ. ಬಿತ್ತಿದ ಮೇಲೆ ಕಳೆ ಕಿತ್ತರೆ, ಆಸರೆ ಕಳೆದುಕೊಂಡ ಹುಳು ನೇರ ಅಗಿಗೇ ಬರುತ್ತದೆ.

ದಾರಿ ಕಟ್ಟುವ ಮೂರು ಬಗೆ

ಮೊದಲನೆಯದು ಇರುವೆಗೆ ತಡೆ. ಚೆಂಡುಹೂವಿನ ಬೀಜ ಮೊಳೆಯಲು ನಾಲ್ಕರಿಂದ ಏಳು ದಿನ. ಅಷ್ಟರೊಳಗೆ ಇರುವೆಗಳು ಬೀಜವನ್ನೇ ಹೊತ್ತೊಯ್ಯಬಹುದು; ‘ಬೀಜ ಹುಟ್ಟಲಿಲ್ಲ’ ಎಂದು ಬೀಜದವನನ್ನು ಬೈಯುವ ಮೊದಲು ಮಡಿಯಂಚಿನ ಇರುವೆ ಸಾಲು ನೋಡಿ. ಬೀಜ ಬಯಲಿಗೆ ಕಾಣದ ಹಾಗೆ ಅರ್ಧ ಸೆಂಟಿಮೀಟರ್ ಗೊಬ್ಬರ ಮುಚ್ಚಬೇಕು. ಟ್ರೇಯಲ್ಲಿ ಬಿತ್ತುವವರಿಗೆ ಇನ್ನೂ ಸುಲಭ: ಹಾಲು ಮೊಸರಿನ ಕಪಾಟಿನ ಕಾಲಿಗೆ ಅಜ್ಜಿಯರು ನೀರಿನ ಬಟ್ಟಲು ಇಡುತ್ತಿದ್ದ ಹಾಗೆ, ಟ್ರೇ ಇಟ್ಟ ಮೇಜಿನ ನಾಲ್ಕು ಕಾಲನ್ನೂ ನೀರು ತುಂಬಿದ ಡಬ್ಬಿಯಲ್ಲಿಡಿ. ಎರಡು ದಿನಕ್ಕೊಮ್ಮೆ ಆ ನೀರು ಚೆಲ್ಲಿ ಹೊಸದು ತುಂಬಬೇಕು, ಇಲ್ಲವಾದರೆ ಸೊಳ್ಳೆ ಸಾಕಿದಂತಾಗುತ್ತದೆ.

ಎರಡನೆಯದು ಬಲೆ. ಬಿತ್ತಿದ ದಿನವೇ ಮಡಿಯ ಮೇಲೆ ಬಿದಿರಿನ ದಬ್ಬೆ ಇಲ್ಲವೇ ತಂತಿ ಬಾಗಿಸಿ ಕಮಾನು ಕಟ್ಟಿ 40 ಮೆಶ್‌ನ ಬಿಳಿ ನೈಲಾನ್ ಬಲೆ ಹೊದಿಸಿ. ಬಿಳಿನೊಣ, ರೆಕ್ಕೆಯ ಹೇನು, ರಂಗೋಲಿ ಹುಳುವಿನ ನೊಣ, ಪತಂಗ, ಮಿಡತೆ ಎಲ್ಲಕ್ಕೂ ಇದೊಂದೇ ಗೋಡೆ. ಥ್ರಿಪ್ಸ್ ಮಾತ್ರ ಇದರ ಕಣ್ಣಲ್ಲೂ ನುಸುಳಬಲ್ಲದು. ಬಲೆಯ ಅಂಚನ್ನು ಕಲ್ಲಿಟ್ಟು ಬಿಟ್ಟರೆ ಸಾಲದು, ಸುತ್ತ ನಾಲ್ಕು ಬೆರಳು ಮಣ್ಣಿನಲ್ಲಿ ಹೂಳಬೇಕು. ನೀರು ಬಲೆಯ ಮೇಲಿಂದಲೇ ಝಾರಿಯಲ್ಲಿ ಕೊಡಿ. ನಾಟಿಗೆ ನಾಲ್ಕೈದು ದಿನ ಮೊದಲು ಬಲೆ ತೆಗೆದು, ನೀರು ಸ್ವಲ್ಪ ಹಿಡಿದು, ಅಗಿ ಗಟ್ಟಿಯಾಗಲು ಬಿಡಿ. ಬೇಸಿಗೆ ಹೂವಿಗೆಂದು ಜನವರಿ–ಫೆಬ್ರುವರಿಯಲ್ಲಿ ಬಿತ್ತುವವರು ನಡುಹಗಲ ಕಾವು ನೋಡಿಕೊಳ್ಳಬೇಕು. ಬಲೆಯೊಳಗೆ ಗಾಳಿ ಕಡಿಮೆ.

ಮೂರನೆಯದು ಕೊರಳಪಟ್ಟಿ. ಕತ್ತರಿ ಹುಳು ಬುಡವನ್ನು ಬಳಸಿ ಸುತ್ತಿಕೊಂಡು ಕಡಿಯುತ್ತದೆ; ಬುಡಕ್ಕೆ ಅಂಟಲು ಜಾಗವೇ ಸಿಗದಿದ್ದರೆ ಅದರ ಆಟ ನಡೆಯದು. ಚಹಾ ಕುಡಿದು ಎಸೆಯುವ ಕಾಗದದ ಕಪ್ಪಿನ ತಳ ಕತ್ತರಿಸಿ, ನಾಟಿ ಮಾಡುವಾಗಲೇ ಅಗಿಗೆ ತೊಡಿಸಿ, ಎರಡು ಸೆಂಟಿಮೀಟರ್ ಮಣ್ಣಿನೊಳಗೆ ಒತ್ತಿ, ಉಳಿದದ್ದು ಮೇಲಿರಲಿ. ಎರಡು ಮೂರು ವಾರದಲ್ಲಿ ಕಾಂಡ ಬಲಿತ ಮೇಲೆ ಕಪ್ಪು ಹರಿದು ಹೋದರೂ ಚಿಂತೆಯಿಲ್ಲ. ನೂರು ಗಿಡದ ಹಿತ್ತಲಿಗೆ ಇದು ಒಂದು ಸಂಜೆಯ ಕೆಲಸ. ಎಕರೆಗಟ್ಟಲೆ ಹಚ್ಚುವವರಿಗೆ ಇದು ಆಗದ ಮಾತು. ಅವರು ಸಾಲಿನ ನಡುವೆ ಸಂಜೆ ಹಸಿ ಹುಲ್ಲಿನ ಸಣ್ಣ ಗುಡ್ಡೆಗಳನ್ನಿಟ್ಟು, ಬೆಳಕು ಹರಿಯುತ್ತಲೇ ಗುಡ್ಡೆ ಎತ್ತಿ ಕೆಳಗೆ ಸೇರಿದ ಹುಳುಗಳನ್ನು ಆರಿಸಿ ಕೊಲ್ಲಬೇಕು.

ಒಲೆಯ ಬೂದಿ ಎರಚುವ ಹಳೆಯ ರೂಢಿಯೂ ಇದೆ. ಬೂದಿ ಒಣಗಿದ್ದಷ್ಟು ಹೊತ್ತು ಮೆತ್ತನೆ ಮೈಯ ಹುಳುಗಳನ್ನು ತಡೆಯುತ್ತದೆ. ಒಂದು ಮಳೆ ಬಿದ್ದರೆ ಮುಗಿಯಿತು. ಅಲ್ಲದೆ ನಮ್ಮ ಎರೆಮಣ್ಣು ಮೊದಲೇ ಕ್ಷಾರದ್ದು, ಬೂದಿ ಇನ್ನಷ್ಟು ಕ್ಷಾರ ಸೇರಿಸುತ್ತದೆ. ಎಲೆಯ ಮೇಲೆ ತೆಳುವಾಗಿ ಧೂಳಾಡಿಸಿದರೆ ಸರಿ, ಬುಟ್ಟಿಗಟ್ಟಲೆ ಸುರಿಯಬೇಡಿ.

ಬಸವನಹುಳುವಿನ ವರ್ಷ

ಬಸವನಹುಳು ಕೀಟವಲ್ಲ, ಆದರೆ ಈ ಸೀಮೆಯಲ್ಲಿ ಅದನ್ನು ಬಿಟ್ಟು ಅಗಿಯ ಮಾತಾಡಲು ಬರುವುದಿಲ್ಲ. 2022ರ ಮುಂಗಾರಿನಲ್ಲಿ ಲಾತೂರು, ಧಾರಾಶಿವ, ಬೀಡ ಜಿಲ್ಲೆಗಳಲ್ಲಿ ಬಸವನಹುಳುಗಳು ಸಾವಿರಾರು ಹೆಕ್ಟೇರ್ ಸೋಯಾಬೀನ್ ಮೊಳಕೆಯನ್ನು ಮೇಯ್ದು, ರೈತರು ಮತ್ತೆ ಬಿತ್ತಬೇಕಾಯಿತು. ಸೋಯಾಬೀನ್ ಮೇಯುವ ಬಾಯಿಗೆ ಚೆಂಡುಹೂವಿನ ಅಗಿ ಬೇಡವೆಂದೇನಿಲ್ಲ.

ಇವು ಓಡಾಡುವುದು ರಾತ್ರಿ ಮತ್ತು ಮೋಡ ಮುಸುಕಿದ ಮಳೆಗಾಲದ ಹಗಲಲ್ಲಿ. ಬದುವಿನ ಹುಲ್ಲು, ಕಲ್ಲಿನ ರಾಶಿ, ಒದ್ದೆ ಕಸ ಇವುಗಳ ಅಡಗುತಾಣ. ಬೆಲ್ಲದ ನೀರಿನಲ್ಲಿ ಅದ್ದಿದ ಗೋಣಿಚೀಲವನ್ನು ಸಂಜೆ ಮಡಿಯ ಸುತ್ತ ಹಾಸಿದರೆ ಬೆಳಿಗ್ಗೆ ಅದರ ಅಡಿ ಗುಂಪಾಗಿ ಸಿಗುತ್ತವೆ. ಕೈಗವಸು ತೊಟ್ಟು ಆರಿಸಿ ಸೋಪಿನ ಇಲ್ಲವೇ ಉಪ್ಪಿನ ನೀರಿನ ಬಕೆಟ್ಟಿಗೆ ಹಾಕಿ. ಉಪ್ಪನ್ನು ನೆಲಕ್ಕೆ ಚೆಲ್ಲಬಾರದು, ಮಣ್ಣು ಕೆಡುತ್ತದೆ. ಮಡಿಯ ಸುತ್ತ ನಾಲ್ಕು ಬೆರಳಗಲ ಒಣ ಸುಣ್ಣದ ಪುಡಿಯ ಪಟ್ಟಿ ಎಳೆದರೆ ದಾಟುವುದಿಲ್ಲ, ಆದರೆ ಮಳೆ ಬಂದಾಗಲೆಲ್ಲ ಹೊಸದು ಬೇಕು. ಹಾವಳಿ ಕೈಮೀರಿದಾಗ ಬಳಸುವ ಮೆಟಾಲ್ಡಿಹೈಡ್ ಗುಳಿಗೆ ನಾಯಿ, ದನ, ಕೋಳಿ ಎಲ್ಲಕ್ಕೂ ವಿಷ. ಮನೆಯಂಗಳದ ತೋಟದಲ್ಲಿ ಅದನ್ನು ದೂರವಿಡುವುದೇ ಲೇಸು.

ರಸ ಹೀರುವವಕ್ಕೆ ಸೋಪು, ಮೇಯುವವಕ್ಕೆ ಬೇವು

ಹೇನು, ಬಿಳಿನೊಣ ಕಂಡ ಮೊದಲ ದಿನವೇ ಎಲೆಯ ಅಡಿಗೆ ನೀರಿನ ಸಣ್ಣ ಧಾರೆ ಬಿಟ್ಟರೆ ಅರ್ಧ ಹುಳು ತೊಳೆದು ಹೋಗುತ್ತವೆ. ಉಳಿದವಕ್ಕೆ ಲೀಟರ್ ನೀರಿಗೆ 5 ಮಿಲಿಲೀಟರ್ ದ್ರವ ಸೋಪು. ಬಟ್ಟೆ ಒಗೆಯುವ ಪೌಡರ್ ಬೇಡ, ಎಳೆ ಎಲೆ ಸುಟ್ಟುಹೋಗುತ್ತದೆ. ಸೋಪು ಮೈಮೇಲೆ ಬಿದ್ದ ಹುಳುವನ್ನು ಮಾತ್ರ ಕೊಲ್ಲುತ್ತದೆ. ಒಣಗಿದ ಮೇಲೆ ಅದರ ಕಸುವು ಮುಗಿಯಿತು. ಹಾಗಾಗಿ ಎಲೆಯ ಕೆಳಮುಖ ಚೆನ್ನಾಗಿ ನೆನೆಯಬೇಕು. ಇಲ್ಲಿನ ಬಹಳ ಬೋರ್‌ವೆಲ್‌ಗಳ ನೀರು ಗಡಸು. ಅದರಲ್ಲಿ ಸೋಪು ನೊರೆ ಬಿಡದೆ ಗಸಿಗಟ್ಟುತ್ತದೆ, ಹುಳುವೂ ಸಾಯುವುದಿಲ್ಲ. ಮಾಳಿಗೆಯ ಮಳೆನೀರು ಹಿಡಿದಿಟ್ಟುಕೊಂಡು ಅದರಲ್ಲೇ ಸೋಪು ಕಲಸಿ.

ಬೇವಿನ ಬೀಜ ಉದುರುವ ಕಾಲಕ್ಕೂ ಅಗಿ ಹಾಕುವ ಕಾಲಕ್ಕೂ ಇಲ್ಲಿ ಗಂಟು ಬಿದ್ದಿದೆ. ಜೂನ್–ಜುಲೈನಲ್ಲಿ ಮರದಡಿ ಬಿದ್ದ ಹಣ್ಣು ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಒಣಗಿಸಿ. ಒಳಗಿನ ಕಾಳು ಕುಟ್ಟಿದ ಪುಡಿ 50 ಗ್ರಾಂ ಬಟ್ಟೆಯಲ್ಲಿ ಕಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಾಲಿನ ಬಣ್ಣ ಬರುವವರೆಗೆ ಹಿಂಡಿ, ಸೋಸಿ, ಚೂರು ಸೋಪು ಸೇರಿಸಿದರೆ ಶೇಕಡಾ 5ರ ಕಷಾಯ. ಮರಾಠಿಯಲ್ಲಿ ಇದೇ ನಿಂಬೋಳಿ ಅರ್ಕ. ಎರಡೆಲೆಯ ಅಗಿಗೆ ಇದು ಖಾರ. 30 ಗ್ರಾಮಿನಿಂದ ಶುರು ಮಾಡಿ, ನಾಲ್ಕು ಅಗಿಯ ಮೇಲೆ ಹೊಡೆದು ಒಂದು ದಿನ ಕಾದು ನೋಡಿ. ಬಿಸಿಲಿಗೆ ಅದರ ಸತ್ವ ಹೋಗುವುದರಿಂದ ಸಂಜೆಯೇ ಸಿಂಪಡಿಸಬೇಕು, ಮಾಡಿದ ದಿನವೇ ಮುಗಿಸಬೇಕು. ಹುಳು ಆ ಕೂಡಲೇ ಸಾಯಲಿಲ್ಲವೆಂದು ಬೇವನ್ನು ಬೈಯಬೇಡಿ. ಅದು ಹುಳುವಿನ ಹಸಿವೆ ಕೆಡಿಸುತ್ತದೆ, ಪೊರೆ ಕಳಚದಂತೆ ಮಾಡುತ್ತದೆ. ಎರಡು ಮೂರು ದಿನ ಬೇಕು.

ಎಲೆ ತಿನ್ನುವ ಹುಳುಗಳಲ್ಲಿ ತಂಬಾಕಿನ ಹುಳು ದೊಡ್ಡದು. ಸೋಯಾಬೀನ್ ಹೊಲದಲ್ಲಿ ಬೆಳೆಯುವ ಅದು ಪಕ್ಕದ ಹೂವಿನ ಮಡಿಗೂ ಬರುತ್ತದೆ. ಎಲೆಯ ಮೇಲೆ ಕಂದು ರೋಮ ಮುಚ್ಚಿದ ಮೊಟ್ಟೆಗುಂಪು ಕಂಡರೆ ಆ ಎಲೆಯನ್ನೇ ಕಿತ್ತು ಹಿಸುಕಿ. ನೂರಾರು ಹುಳು ಹುಟ್ಟುವ ಮುನ್ನವೇ ಮುಗಿಯುತ್ತವೆ. ಮರಿಗಳು ಹೊರಬಂದಿದ್ದರೆ ಲೀಟರಿಗೆ 1ರಿಂದ 2 ಗ್ರಾಂ ಬಿ.ಟಿ. ಬ್ಯಾಕ್ಟೀರಿಯಾದ ಪುಡಿ ಸಂಜೆ ಸಿಂಪಡಿಸಬಹುದು. ಮರಿಹುಳು ತಿಂದರೆ ಸಾಯುತ್ತದೆ, ಜೇನಿಗೆ ತೊಂದರೆಯಿಲ್ಲ.

ಚೆಂಡುಹೂವಿನ ವಾಸನೆಗೆ ಹುಳುವೇ ಬರುವುದಿಲ್ಲ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಅದರ ಬೇರು ಮಣ್ಣಿನ ಜಂತುಹುಳುಗಳನ್ನು ಕಡಿಮೆ ಮಾಡುವುದು ಹೌದು. ಆದರೆ ಕಾಯಿಕೊರಕ ಹುಳುವಿಗೆ ಚೆಂಡುಹೂವೆಂದರೆ ಪ್ರೀತಿ. ಅದಕ್ಕೆಂದೇ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡುಹೂ ಹಚ್ಚಿ ಹುಳುವನ್ನು ಅತ್ತ ಸೆಳೆಯುವ ಪದ್ಧತಿ ಬಂದದ್ದು. ತೊಗರಿ, ಕಡಲೆಯ ಈ ನಾಡಿನಲ್ಲಿ ಕಾಯಿಕೊರಕಕ್ಕೆ ಬರವಿಲ್ಲ; ಹೂವನ್ನೇ ಬೆಳೆಯುವವರು ಮೊಗ್ಗಿನ ಕಾಲಕ್ಕೂ ಕಣ್ಣಿಡಬೇಕು.

ಕೊಲ್ಲಬಾರದ ಹುಳು

ಹೇನಿರುವ ಕುಡಿಯ ಮೇಲೆ ಕಪ್ಪು ಮೈ, ಕಿತ್ತಳೆ ಚುಕ್ಕೆ, ಆರು ಕಾಲಿನ ಉದ್ದನೆ ಹುಳು ತಿರುಗಾಡುತ್ತಿದ್ದರೆ ಹಿಸುಕಲು ಕೈ ಮುಂದಾಗುತ್ತದೆ. ಅದು ಗುಲಗಂಜಿ ಹುಳುವಿನ ಮರಿ. ದಿನಕ್ಕೆ ಹತ್ತಾರು ಹೇನು ತಿನ್ನುತ್ತದೆ, ತಾಯಿಗಿಂತ ಅದರದೇ ಹಸಿವು ದೊಡ್ಡದು. ಹೇನುಗಳ ನಡುವೆ ಉಬ್ಬಿ ಕಂದುಬಣ್ಣಕ್ಕೆ ತಿರುಗಿ ಅಲ್ಲಾಡದೆ ಕುಳಿತವು ಕಂಡರೆ ಅವುಗಳೊಳಗೆ ಪರಾವಲಂಬಿ ಕಣಜದ ಮರಿಯಿದೆ ಎಂದರ್ಥ. ಅಂಥ ಗಿಡಕ್ಕೆ ಏನನ್ನೂ ಹೊಡೆಯದೆ ಒಂದು ವಾರ ಬಿಡಿ. ಹೇನನ್ನು ಕಾಯುವ ಇರುವೆಯನ್ನು ಮಾತ್ರ ದೂರವಿಟ್ಟರೆ ಉಳಿದದ್ದನ್ನು ಇವೇ ನೋಡಿಕೊಳ್ಳುತ್ತವೆ.

ಹಳದಿ ಅಂಟುಹಲಗೆ ಬಿಳಿನೊಣ, ಹೇನು, ರಂಗೋಲಿ ಹುಳುವಿನ ನೊಣಗಳನ್ನೂ, ನೀಲಿ ಹಲಗೆ ಥ್ರಿಪ್ಸ್‌ಅನ್ನೂ ಹಿಡಿಯುತ್ತದೆ. ಹಳೆಯ ತಗಡಿಗೆ ಬಣ್ಣ ಬಳಿದು ಹರಳೆಣ್ಣೆ ಸವರಿದರೂ ನಡೆದೀತು. ಅಗಿಯ ತುದಿಗಿಂತ ನಾಲ್ಕು ಬೆರಳು ಮೇಲೆ ತೂಗಿಸಿ. ಹೂ ಬಿಡುವ ಹೊತ್ತಿಗೆ ತೆಗೆದುಬಿಡಿ, ಇಲ್ಲದಿದ್ದರೆ ಜೇನುನೊಣವೂ ಅಂಟಿ ಸಾಯುತ್ತದೆ.

ಅಂಗಡಿಯ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲು

ಮಡಿಗೆ ಫೋರೇಟ್ ಹರಳು ಹಾಕುವ ಚಟ ಬಹಳ ಕಡೆ ಇತ್ತು. ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರ ನಂತರ ಅದರ ಬಳಕೆ ನಿಷಿದ್ಧ. ಯಾರಾದರೂ ಹಳೆಯ ದಾಸ್ತಾನು ಕೊಡಲು ಬಂದರೂ ತರಬೇಡಿ. ಇದೇ ಮಹಾರಾಷ್ಟ್ರದ ಯವತಮಾಳದಲ್ಲಿ 2017ರಲ್ಲಿ ಹತ್ತಿ ಹೊಲಕ್ಕೆ ಔಷಧಿ ಹೊಡೆಯುತ್ತ ಹಲವು ರೈತರು, ಕೂಲಿಗಳು ಜೀವ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ.

ಬೇರೆ ದಾರಿಯೇ ಇಲ್ಲವೆಂದಾಗ ಡಬ್ಬಿಯ ಮೇಲಿನ ವಜ್ರಾಕಾರದ ಗುರುತು ನೋಡಿ. ಅದರ ಕೆಳಭಾಗ ಕೆಂಪಿದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಿತ್ತಲಿಗೆ ಕೆಂಪು, ಹಳದಿ ಎರಡೂ ಬೇಡ. ಒಳಗಿನ ಚೀಟಿಯಲ್ಲಿ ನಿಮ್ಮ ಬೆಳೆ, ನಿಮ್ಮ ಹುಳು ಎರಡರ ಹೆಸರೂ ಇರಬೇಕು. ಎರಡು ಮೂರು ಔಷಧಿ ಕಲಸಿ ಹೊಡೆಯುವುದು ಎಳೆ ಅಗಿಗೆ ಹುಳುವಿಗಿಂತ ಹೆಚ್ಚು ಕೇಡು. ತಂಬಾಕಿನ ಕಷಾಯ ಮನೆಮದ್ದೆಂದು ಹಗುರ ಮಾಡಬೇಡಿ. ಅದರ ನಿಕೋಟಿನ್ ಚರ್ಮದಿಂದಲೂ ಮೈಸೇರುವ ವಿಷ.

ಸಂದೇಹವಿದ್ದರೆ ಕೆಟ್ಟ ಅಗಿಯೊಂದನ್ನು ಬೇರುಸಹಿತ ಕಿತ್ತು ಚೀಲದಲ್ಲಿಟ್ಟುಕೊಂಡು ತುಳಜಾಪುರ, ಲಾತೂರು ಅಥವಾ ಗಡಿಯಾಚೆ ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲಿಯೂ ಕೇಳಬಹುದು.

ನಾಲ್ಕೈದು ಎಲೆ ಬಂದ, ಗಟ್ಟಿ ಕಾಂಡದ ಅಗಿಯನ್ನೇ ಆರಿಸಿ, ಸಂಜೆ ಹೊತ್ತು ನಾಟಿ ಮಾಡಿ. ಒಂದೊಂದರ ಎಲೆಯ ಅಡಿಯನ್ನೂ ತಿರುಗಿಸಿ ನೋಡಿ. ಹೇನು, ಗೆರೆ, ಮೊಟ್ಟೆ ಇದ್ದದ್ದನ್ನು ಹೊಲಕ್ಕೆ ಒಯ್ಯಬೇಡಿ. ನೂರಕ್ಕೆ ಹತ್ತು ಅಗಿ ಹೆಚ್ಚಿಗೇ ಬೆಳೆಸಿಟ್ಟುಕೊಂಡರೆ ತಪ್ಪಿದ ಜಾಗ ತುಂಬಲು ಬರುತ್ತದೆ. ಬಲೆ, ಕಪ್ಪು, ಗೋಣಿಚೀಲ, ಬೇವಿನ ಬೀಜ ಇವಿಷ್ಟರ ಖರ್ಚು ಒಂದು ಡಬ್ಬಿ ಔಷಧಿಯದಕ್ಕಿಂತ ಹೆಚ್ಚಲ್ಲ. ಹೆಚ್ಚು ಬೇಕಾದದ್ದು ದಿನಾ ಬೆಳಿಗ್ಗೆ ಹತ್ತು ನಿಮಿಷ ಮಡಿಯ ಪಕ್ಕ ಕೂರುವ ತಾಳ್ಮೆ. ಮೂವತ್ತು ದಿನ ಅಷ್ಟು ಮಾಡಿ. ಆಮೇಲೆ ಬರುವ ಹುಳುವನ್ನು ತಾಳಿಕೊಳ್ಳುವ ಕಸುವು ಗಿಡಕ್ಕೇ ಇರುತ್ತದೆ.